ಮಡಚದ ಕಿರುಬೆರಳಿನ ಬ್ರೇಕ್ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ನಾಲ್ಕು ಬೆರಳು ಪಾನಾ ಹಿಡಿದು ಬೆವರುತ್ತಿದ್ದರೆ ಅದೊಂದು ಮಾತ್ರ, ಮದುವೆಮನೆಯಲ್ಲಿ ಮುನಿಸಿಕೊಂಡು ದೂರ ನಿಂತ ಬೀಗರ ಹಾಗೆ, ನೆಟ್ಟಗೆ ನಿಂತಿರುತ್ತಿತ್ತು. ಟೀ ಲೋಟ ಹಿಡಿದಾಗಲಂತೂ ಗ್ರೀಸು ಬಳಿದುಕೊಂಡ ಮಹಾರಾಜರ ಥರ ಕಾಣುತ್ತಿದ್ದರು. ಪರಿಚಯವಾದ ಮೂರನೇ ದಿನವೇ ನಾನು ಆ ಬೆರಳಿನ ಮಿಮಿಕ್ರಿಯನ್ನು ಅವರ ಮುಂದೆಯೇ ಮಾಡಿ ತೋರಿಸಿದೆ.

"ಚೆನ್ನಾಗದೆ," ಅಂದರು. "ಆದ್ರೆ ನಿಂದು ಒಂಚೂರು ಬಗ್ತದೆ. ನಂದು ಬಗ್ಗಲ್ಲ. ಸರ್ಯಾಗಿ ನೋಡ್ಕಂಡು ಮಾಡ್ಲಾ."

ನನ್ನ ಕಸುಬು ಏರ್‌ಪೋರ್ಟ್ ಟ್ಯಾಕ್ಸಿ, ಚಟ ಮಿಮಿಕ್ರಿ. ಯಲಹಂಕದ ಸುತ್ತ ಗಣೇಶನ ಪೆಂಡಾಲುಗಳಲ್ಲಿ ಮೈಕು ಖಾಲಿ ಬಿದ್ದಿದ್ದರೆ ನಾನು ಸುಮ್ಮನೆ ಹಾದುಹೋಗುವವನಲ್ಲ. ಕಾರ್ಪೊರೇಟರ್ ದನಿ, ಟ್ರಾಫಿಕ್ ಪೊಲೀಸರ ದನಿ, ನಮ್ಮಪ್ಪ ನನ್ನನ್ನು ಬೈಯುವ ದನಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು.

ಅವರ ಶೆಡ್ಡಿಗೆ ನನ್ನನ್ನು ಕರೆತಂದದ್ದು ನಡುಕ. ನನ್ನದಲ್ಲ, ಕಾರಿನದು. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗು ಚಳಿಜ್ವರ ಬಂದವರಂತೆ ಅದುರುತ್ತಿತ್ತು. ಹಿಂದೆ ಕೂತ ಅಜ್ಜಿಯೊಬ್ಬರು, "ಏನಪ್ಪಾ, ಇದು ಕಾರೋ, ರಾಗಿ ಮಿಲ್ಲೋ?" ಎಂದು ಕೇಳಿ, ದಾರಿಯುದ್ದಕ್ಕೂ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಹೆಬ್ಬಾಳದ ಹತ್ತಿರದ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಎರಡು ಸಲ ಡಿಸ್ಕ್ ಬದಲಾಯಿಸಿದೆ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆಯೇ ಡಿಸ್ಕು. ಎರಡು ಸಲವೂ ಹೊಸ ತಟ್ಟೆ ಕೆಲವೇ ವಾರಗಳಲ್ಲಿ ಹಳೆಯ ನಡುಕಕ್ಕೆ ವಾಪಸ್ಸಾಯಿತು. ಮೂರನೇ ಸಲ ಹೋದಾಗ ಅಲ್ಲಿನ ಮ್ಯಾನೇಜರ್ ಗಾಜಿನ ಕೋಣೆಯಿಂದ ಹೊರಗೆ ಬಂದು, ಜನರ ಮುಂದೆ ನನ್ನ ಕಾಲನ್ನು ದಿಟ್ಟಿಸಿ ನೋಡಿ, "ಸೀ ಬಾಸ್, ಪ್ರಾಡಕ್ಟ್ ಪರ್ಫೆಕ್ಟ್. ಪ್ರಾಬ್ಲಂ ನಿಮ್ಮ ಕಾಲಲ್ಲಿದೆ," ಅಂದ. ಕಾಯುತ್ತಿದ್ದವರೆಲ್ಲ ನಕ್ಕರು. ಊರನ್ನೆಲ್ಲ ನಗೆಪಾಟಲು ಮಾಡುವವನಿಗೆ ತಾನೇ ನಗೆಪಾಟಲಾದರೆ ಎಷ್ಟು ಉರಿಯುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಅಬ್ಬಿಗೆರೆಯ ತಗಡಿನ ಶೆಡ್ಡಿನಲ್ಲಿ ಇದನ್ನೆಲ್ಲ ಮ್ಯಾನೇಜರನ ದನಿಯಲ್ಲೇ ಅಭಿನಯಿಸಿ ತೋರಿಸಿದಾಗ ಮೇಸ್ತ್ರಿ ನಗಲಿಲ್ಲ. ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಇನ್ನೊಂದ್ ಸಲ ಮಾತಾಡು ಅವ್ನ ತರ."

ಮಾತಾಡಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ತಮ್ಮ ಕಥೆ ಹೇಳಿದರು.

ಹದಿನಾರು ವರ್ಷ ಅವರು ದುಡಿದದ್ದು ಅದೇ ಸರ್ವಿಸ್ ಸೆಂಟರಿನಲ್ಲಿ. ಬೆರಳು ಕೊಟ್ಟದ್ದೂ ಅಲ್ಲೇ, ಜಾರಿದ ಜಾಕಿನ ಅಡಿಯಲ್ಲಿ. ಈ ಮ್ಯಾನೇಜರ್ ಬಂದ ಮೇಲೆ, ಕೈಯಿಂದ ನಟ್ ಬಿಗಿದರೆ ತಡವಾಗುತ್ತದೆ, ಎಲ್ಲರೂ ಗಾಳಿಯ ಒತ್ತಡದಲ್ಲಿ ತಿರುಗುವ ಏರ್ ಗನ್ನಿನಲ್ಲೇ ಬಿಗಿಯಬೇಕು ಎಂದು ಕಟ್ಟಪ್ಪಣೆಯಾಯಿತು. ಮೇಸ್ತ್ರಿ ಬೇಡವೆಂದರು, ಬೈಸಿಕೊಂಡರು, ಕೊನೆಗೆ ಗನ್ ಹಿಡಿದರು. ಸ್ವಲ್ಪ ದಿನದಲ್ಲೇ ಬಾಗಲೂರಿನ ಜಮೀನುದಾರರೊಬ್ಬರ ಹೊಸ ಕಾರು ನಡುಗಿತು. ಅವರು ಬಂದು ಕೂಗಾಡಿದಾಗ ಮ್ಯಾನೇಜರ್ ಮೇಸ್ತ್ರಿಯ ಮಣಿಕಟ್ಟು ಹಿಡಿದು ಮೇಲೆತ್ತಿ ತೋರಿಸಿದನಂತೆ: "ನೋಡಿ ಸರ್, ಬೆರಳೇ ಮಡಚಲ್ಲ. ಇಂಥ ಕೈಗೆ ಗ್ರಿಪ್ ಎಲ್ಲಿಂದ ಬರಬೇಕು? ಇವತ್ತೇ ಕಳಿಸ್ತೀನಿ." ಅವತ್ತೇ ಕಳಿಸಿದ.

"ಗನ್ ಇಡ್ಕೋ ಅಂದೋನೂ ಅವ್ನೇ, ಕೈ ಸರೀಗಿಲ್ಲ ಅಂದೋನೂ ಅವ್ನೇ," ಅಂದರು ಮೇಸ್ತ್ರಿ. "ನಂಗೇನೂ ಬ್ಯಾಡ ಕಣ್ಲಾ. ಅದು ನಿನ್ ಕೈ ತೆಪ್ಪಲ್ಲ ಅಂತ ಅವ್ನ ಬಾಯಾಗೆ ಒಂದ್ ಮಾತ್ ಬರ್ಬೇಕು. ನಾಕ್ ಜನದ್ ಮುಂದೆ."

"ಹೋಗ್ಲಿ ಬಿಡಿ ಅಣ್ಣ, ಕ್ಷಮಿಸಿಬಿಡಿ," ಎಂದೆ, ಗಾಳಿ ಹಾಕುವುದಕ್ಕೆ.

"ಕ್ಷಮ್ಸಕ್ಕೆ ನಾನೇನ್ ದ್ಯಾವ್ರಾ? ಮೆಕ್ಯಾನಿಕ್ಕು. ಕೆಟ್ಟಿರೋದ್ನ ಬಿಚ್ಚಿ ಎಲ್ರುಗೂ ತೋರ್ಸೋದು ನನ್ ಕೆಲ್ಸ."

ಆ ಕ್ಷಣದಿಂದ ನಾನು ಅವರ ಕಡೆಯವನು. ಸೇಡು ಒಬ್ಬರೇ ಹೊತ್ತರೆ ಭಾರ, ಇಬ್ಬರು ಹೊತ್ತರೆ ಪಿಕ್‌ನಿಕ್ಕು.

ಮೊದಲು ನನ್ನ ಕಾರು ರಿಪೇರಿಯಾಗಬೇಕಿತ್ತು. ಅವರು ಕೆಲಸ ಮಾಡುವುದನ್ನು ನೋಡುವುದೆಂದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಕೂತ ಹಾಗೆ, ಏನೂ ಮುಂದಕ್ಕೇ ಹೋಗುತ್ತಿರಲಿಲ್ಲ. ಚಕ್ರ ಬಿಚ್ಚಿ, ಡಿಸ್ಕ್ ಕೂರುವ ಜಾಗದ ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜಿದರು, ಉಜ್ಜಿದರು, ಉಜ್ಜುತ್ತಲೇ ಇದ್ದರು. "ಮಕ ತೊಳೀದೆ ಪೌಡ್ರು ಆಕುದ್ರೆ ನಿಲ್ತದಾ? ಒಂದ್ ಚಕ್ಕೆ ತುಕ್ಕು ಉಳುದ್ರೂ ಡಿಸ್ಕು ಓರೆ ಕುಂತ್ಕತದೆ. ಓರೆ ಕುಂತದ್ದು ಸುತ್ತುಸುತ್ತುಗೂ ಒಂದೇ ಜಾಗದಾಗೆ ಪ್ಯಾಡ್‌ಗೆ ತಾಕ್ತದೆ. ಅಲ್ಲಿ ಸವೀತದೆ. ಆಮೇಲೆ ನಡುಗ್ತದೆ." ಹೊಸ ಡಿಸ್ಕು, ಹೊಸ ಪ್ಯಾಡು ಕೂರಿಸಿದ ಮೇಲೆ ಚಕ್ರದ ನಟ್ಟುಗಳನ್ನು ಬಿಗಿಯುವುದು ಸುತ್ತಲೂ ಸಾಲಾಗಿ ಅಲ್ಲ, ಎದುರಾಬದುರಾ, ಸ್ವಲ್ಪಸ್ವಲ್ಪವೇ, ಕೊನೆಯ ಬಿಗಿ ಎಷ್ಟೆಂದು ತೋರಿಸುವ ಅಳತೆಯ ಪಾನಾದಲ್ಲಿ. "ಚಪ್ರದ ಅಗ್ಗ ಒಂದೇ ಕಡೀಕೆ ಎಳುದ್ರೆ ಚಪ್ರ ವಾಲ್ತದೆ. ಇದೂ ಅಂಗೇಯ."

ಆಮೇಲೆ ನನ್ನ ಸರದಿ. ಟ್ರಿಪ್ ಮುಗಿದ ಮೇಲೆ ಏನು ಮಾಡುತ್ತೀಯ ಎಂದು ಕೇಳಿದರು. ಏರ್‌ಪೋರ್ಟಿನ ಗಾಡಿ ಮಿಂಚಬೇಕಲ್ಲ, ಫ್ಲೈಓವರ್ ಇಳಿದವನೇ ನೇರ ವಾಟರ್ ಸರ್ವಿಸ್‌ಗೆ ಬಿಟ್ಟು ಚಕ್ರಗಳಿಗೆ ಜೋರಾಗಿ ನೀರು ಹೊಡೆಸುತ್ತೇನೆ, ಪ್ರತಿ ದಿನ, ಎಂದು ಹೆಮ್ಮೆಯಿಂದ ಹೇಳಿದೆ.

ಮೇಸ್ತ್ರಿ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆಯೆಂದರೆ ಅವರ ಹೆಂಡತಿ. ಶೆಡ್ಡಿನ ಹಿಂದೆಯೇ ಮನೆ, ಮಧ್ಯಾಹ್ನದ ಊಟ ತಂದಿಟ್ಟು ನಿಂತಿದ್ದರು. "ಇವ್ಳೇ, ಕಾದ ಎಂಚಿಗೆ ತಣ್ಣೀರ್ ಉಯ್ದ್ರೆ ಏನಾಯ್ತದೆ?"

"ಬಿರುಕ್ ಬುಡ್ತದೆ. ಯಾರ್ ಉಯ್ದೋರು?"

"ಇವ್ನೇ. ದಿನಾಲೂ."

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೀಸೆ ಬಂದದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದರೆ ಮ್ಯಾನೇಜರ್ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನನ್ನ ಸೇಡಿಗೆ ಇದರಿಂದ ಏನೂ ಕಡಿಮೆಯಾಗಲಿಲ್ಲ. ಅರ್ಧ ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ.

ಮರುದಿನ ಬೆಳಿಗ್ಗೆ ಬಾಗಲೂರು ರಸ್ತೆಯಲ್ಲಿ ಹೊಸ ಪ್ಯಾಡುಗಳನ್ನು ಹದ ಮಾಡಿಸಿದರು. ವೇಗ ಹಿಡಿ, ಮೆಲ್ಲಗೆ ಒತ್ತು, ಪೂರ್ತಿ ನಿಲ್ಲಿಸಬೇಡ, ಬಿಡು, ಗಾಳಿ ಆಡಲಿ, ಮತ್ತೆ. "ವೊಸಾ ಚಪ್ಲಿ ಮೆಟ್ಕಂಡು ಮೊದುಲ್ನೇ ದಿನ್ವೇ ಬೆಟ್ಟ ಅತ್ತುತಾರಾ?" ಕಾದ ಬ್ರೇಕನ್ನು ಸಿಗ್ನಲ್ಲಿನಲ್ಲಿ ಒತ್ತಿಹಿಡಿದೇ ಕೂರಬಾರದು, ಇಳಿಜಾರಿನಲ್ಲಿ ಗೇರು ಇಳಿಸಬೇಕು. ಅವತ್ತು ಪಕ್ಕದಲ್ಲಿ ಕೂತು ನನ್ನ ತೊಡೆಗೆ ಅದೆಷ್ಟು ಸಲ ಹೊಡೆದರೋ, ಲೆಕ್ಕವಿಲ್ಲ. ಅದಾದ ಮೇಲೆ ನನ್ನ ಕಾರಿಗೆ ಹೊಸ ಡಿಸ್ಕು ಬೇಕಾಗಲಿಲ್ಲ. ಹಿಂದೆ ಕೂತವರು ನಿದ್ದೆ ಮಾಡುತ್ತಾರೆ. ಗೊರಕೆಯೇ ನನ್ನ ಸರ್ಟಿಫಿಕೇಟು. ಅದಕ್ಕೆ ನಾನು ಅವರ ಋಣಿ.

ಸೇಡಿಗೆ ಮುಹೂರ್ತ ತಾನಾಗಿಯೇ ಬಂತು. ಯಲಹಂಕ ನ್ಯೂ ಟೌನಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಆ ಸರ್ವಿಸ್ ಸೆಂಟರಿನವರು ಭಾನುವಾರ ಬ್ರೇಕ್ ತಪಾಸಣೆಯ ಶಿಬಿರ ಇಟ್ಟಿದ್ದಾರೆ ಎಂದು ಅಲ್ಲಿನ ನನ್ನ ಗಿರಾಕಿಯೊಬ್ಬರಿಂದ ತಿಳಿಯಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮರದ ಪೆಟ್ಟಿಗೆಯಲ್ಲಿ ಡಯಲ್ ಗೇಜ್ ಇಟ್ಟುಕೊಂಡು ಹೊರಟರು. ಗಡಿಯಾರದಂಥ ಸಾಧನ ಅದು, ತಿರುಗುವ ಡಿಸ್ಕು ಕೂದಲೆಳೆಯಷ್ಟು ವಾಲಿದರೂ ಅದರ ಮುಳ್ಳು ಅಲ್ಲಾಡುತ್ತದೆ.

ಗೇಟಿನ ಸೆಕ್ಯೂರಿಟಿಗೆ ನಾನು ಮೊದಲೇ ಫೋನು ಮಾಡಿದ್ದೆ, ಮ್ಯಾನೇಜರನ ದನಿಯಲ್ಲಿ. "ಸೀ, ನಮ್ಮ ಸೀನಿಯರ್ ಮೋಸ್ಟ್ ಎಕ್ಸ್‌ಪರ್ಟ್ ಬರ್ತಾ ಇದಾರೆ. ಮುಂದೆ ಒಂದು ಕುರ್ಚಿ ಹಾಕಿಸಿ." ಹೀಗಾಗಿ ಮ್ಯಾನೇಜರ್ ಮೈಕಿನಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಿದ್ದಾಗ, ಎದುರಿನ ಸಾಲಿನ ಕುರ್ಚಿಯಲ್ಲಿ ಮೇಸ್ತ್ರಿ ಎಳನೀರು ಕುಡಿಯುತ್ತಾ ಕೂತಿದ್ದರು, ಕಿರುಬೆರಳು ನೆಟ್ಟಗೆ. ಅವರನ್ನು ಕಂಡು ಅವನ ಭಾಷಣ ಮಧ್ಯದಲ್ಲೇ ಮುಗಿಯಿತು.

"ಒಂದ್ ಸಣ್ಣ ಪರೀಕ್ಷೆ ಸಾರ್," ಎಂದು ಮೇಸ್ತ್ರಿ ಎದ್ದರು. "ಐದ್ ನಿಮಿಷ." ನಿವೃತ್ತರ ಅಪಾರ್ಟ್‌ಮೆಂಟು, ಭಾನುವಾರ. ಪುಕ್ಕಟೆ ಪರೀಕ್ಷೆ ಬೇಡವೆನ್ನುವವರು ಯಾರು? ಎಲ್ಲರೂ ಸುತ್ತ ನೆರೆದರು.

ನನ್ನ ಕಾರನ್ನು ಜಾಕಿನ ಮೇಲೆತ್ತಿದರು. ಮೇಸ್ತ್ರಿ ಆ ಬಿಳಿ ಶರ್ಟಿನಲ್ಲೇ ನೆಲದಲ್ಲಿ ಮಲಗಿ, ಒಳಬದಿಯಿಂದ ಡಿಸ್ಕಿಗೆ ಗೇಜಿನ ಮೊನೆ ತಾಗಿಸಿದರು. ನಾನು ಚಕ್ರ ತಿರುಗಿಸಿದೆ. ಮುಳ್ಳು ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು. ಅಸೋಸಿಯೇಷನ್ನಿನ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿ, ಸರಿ ಎಂದು ತಲೆಯಾಡಿಸಿದರು.

"ಈಗ ನಿಮ್ಮೋರು ಬಿಚ್ಚಿ, ನಿಮ್ ತರಾನೇ ಬಿಗೀಲಿ."

ಗದಗಿನ ಕಡೆಯ ಮೆಕ್ಯಾನಿಕ್ ಒಬ್ಬರು, ಮೇಸ್ತ್ರಿಯ ಹಳೆಯ ಜೊತೆಗಾರರು, ಏರ್ ಗನ್ ಎತ್ತಿಕೊಂಡು ಬಂದರು. ಮೇಸ್ತ್ರಿಯ ಮುಖ ನೋಡಿ ತಡೆದು ನಿಂತರು. "ನಾ ಒಲ್ಲೆರೀ ಅಣ್ಣಾರ. ನಾಳಿಗೆ ನನ್ನ ಕೈ ಮ್ಯಾಲ ಎತ್ತಿ ತೋರಸ್ತಾರ."

ಮ್ಯಾನೇಜರನಿಗೆ ಕೆಣಕಿದಂತಾಯಿತು. "ಕೊಡ್ರೀ ಇಲ್ಲಿ, ನಾನೇ ತೋರಿಸ್ತೀನಿ," ಎಂದು ತಾನೇ ಗನ್ ಕಿತ್ತುಕೊಂಡ. ನಟ್ಟುಗಳನ್ನು ಬಿಚ್ಚಿ, ಮತ್ತೆ ಒಂದರ ಪಕ್ಕ ಇನ್ನೊಂದರಂತೆ ಸುತ್ತಲೂ ಹೊಡೆದ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಒಬ್ಬಿಬ್ಬರು ಚಪ್ಪಾಳೆ ಕೂಡ ತಟ್ಟಿದರು. ನಾನು ಚಕ್ರ ತಿರುಗಿಸಿದೆ. ಮುಳ್ಳು ಈ ಕಡೆಯಿಂದ ಆ ಕಡೆಗೆ ಜೋಕಾಲಿಯಾಡಿತು. ಅಧ್ಯಕ್ಷರಿಗೆ ಕನ್ನಡಕ ಒರೆಸುವ ಅಗತ್ಯವೇ ಬೀಳಲಿಲ್ಲ.

ಮೇಸ್ತ್ರಿ ನೆಲದಿಂದ ನಿಧಾನವಾಗಿ ಎದ್ದರು. ಬೆನ್ನಿಗೆಲ್ಲ ಮಣ್ಣು. ಗನ್ ಹಿಡಿದಿದ್ದ ಅವನ ಬಲಗೈಯನ್ನೇ ನೋಡುತ್ತಾ, ಎಲ್ಲರಿಗೂ ಕೇಳುವಂತೆ, ಆದರೆ ದನಿಯೇರಿಸದೆ ಕೇಳಿದರು:

"ಸಾರ್, ನಿಮ್ ಕೈಯಾಗೆ ಐದ್ ಬೆಳ್ಳೂ ಮಡಚ್ತವಲ್ವಾ?"

ಅದರ ಅರ್ಥ ಕೇಳಿದವರಲ್ಲಿ ಮೂರೇ ಜನಕ್ಕೆ ಗೊತ್ತಿತ್ತು. ಗದಗಿನವರು ನೆಲ ನೋಡಿದರು. ಅರ್ಥವಾಗದವರಿಗೆ ನಾನು ಮೈಕು ಹಿಡಿದು, ಅವನದೇ ದನಿಯಲ್ಲಿ, ಮಣಿಕಟ್ಟು ಎತ್ತಿ ತೋರಿಸಿದ ದಿನದ ಪ್ರಸಂಗವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿದ್ದು ಅದೊಂದೇ ಸಲ, ಯಾರೂ ನಗದೇ ಇದ್ದದ್ದೂ ಅದೊಂದೇ ಸಲ.

"ಅಂದ್ರೆ ನಮ್ಮ ಕಾರುಗಳಿಗೂ ಹೀಗೇ ಮಾಡಿದ್ದೀರಾ?" ಎಂದು ಅಧ್ಯಕ್ಷರು ಕೇಳಿದರು. ಮ್ಯಾನೇಜರ್, ಗೇಜು ಹಳೆಯದು, ಗಾಳಿಯ ಒತ್ತಡ ಜಾಸ್ತಿಯಾಗಿದೆ, ನೆಲ ಸಮವಿಲ್ಲ ಎಂದೆಲ್ಲ ಹೇಳಿದ. ಹೇಳಬೇಕಾದ ಒಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಮಧ್ಯಾಹ್ನದೊಳಗೆ ಬ್ಯಾನರ್ ಸುತ್ತಿಕೊಂಡು ಹೋದರು.

ನಟ್ಟುಗಳನ್ನು ಮೇಸ್ತ್ರಿ ಕೈಯಿಂದ ಮತ್ತೆ ಬಿಗಿದ ಮೇಲೆ, ವಾಪಸ್ ಬರುವಾಗ ನಾನು ಗೆದ್ದ ಅಭ್ಯರ್ಥಿಯ ಚೇಲಾನಂತೆ ಹಾರನ್ ಹೊಡೆಯುತ್ತಿದ್ದೆ. ಮೇಸ್ತ್ರಿ ಕಿಟಕಿಯಾಚೆ ನೋಡುತ್ತಿದ್ದರು.

"ಬಾಯಾಗೆ ಬರ್ಲಿಲ್ಲ ಕಣ್ಲಾ," ಅಂದರು.

"ಮರ್ಯಾದೆ ಹೋಯ್ತಲ್ಲ ಅಣ್ಣ, ಸಾಲ್ದಾ?"

"ಅವುಂದ್ ಓಯ್ತು. ನಂದ್ ಬರ್ಬೇಕಿತ್ತು."

ಆಮೇಲೆ ಶೆಡ್ಡಿನ ಮುಂದೆ ಕಾರುಗಳ ಸಾಲು ಬೆಳೆಯಿತು. ಗದಗಿನವರೂ ಅಲ್ಲಿಯ ಕೆಲಸ ಬಿಟ್ಟು ಇಲ್ಲಿಗೇ ಬಂದರು. ಮೇಸ್ತ್ರಿ ಮಾತ್ರ ಹೊಸಬರು ಯಾರೇ ಬರಲಿ, ಮೊದಲು ಬಲಗೈ ಮುಂದೆ ಚಾಚಿ, "ನೋಡ್ಕಳಿ, ಇದು ಮಡಚಲ್ಲ. ಆಮ್ಯಾಕೆ ಯೋಳ್ಬೇಡಿ," ಎನ್ನುತ್ತಿದ್ದರು. ನಾನು ಅದನ್ನು ತಮಾಷೆಯೆಂದೇ ಬಹಳ ದಿನ ತಿಳಿದಿದ್ದೆ. ಅದರ ನಕಲು ಮಾಡಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಗಿಸಿದ್ದೂ ಇದೆ.

ಕಳೆದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಶೆಡ್ಡನ್ನೇ ತೊಳೆದು ಚಾಪೆ ಹಾಸಿದ್ದೆವು. ಮೊದಲ ಪಂಕ್ತಿ ಕೂರುವ ಹೊತ್ತಿಗೆ ಮ್ಯಾನೇಜರ್ ಬಂದ. ಯಾರು ಹೇಳಿ ಕಳಿಸಿದ್ದರೋ ಗೊತ್ತಿಲ್ಲ. ಫೋಟೊದ ಮುಂದೆ ಹೂವಿಟ್ಟು, ಕೈಮುಗಿದ. ಆಮೇಲೆ ಪಕ್ಕದಲ್ಲಿದ್ದ ಅತ್ತಿಗೆಗೆ ಹೇಳಿದ, "ಬಾಗಲೂರಿನವರ ಆ ಕಾರಿಂದು ಅವರ ಕೈ ತಪ್ಪಲ್ಲ ಮೇಡಂ. ನನಗೆ ಆಗಲೇ ಗೊತ್ತಿತ್ತು."

ಅತ್ತಿಗೆ ಫೋಟೊದ ಹಾರ ನೇರ ಮಾಡಿದರು. "ಇದ್ದಾಗ ಯೋಳಿದ್ರೆ ಒಂದ್ ತುತ್ತು ಜಾಸ್ತಿ ಉಣ್ಣೋರು," ಅಂದರು. "ಎಲೆ ಆಕವ್ರೆ. ಊಟ ಮಾಡ್ಕಂಡ್ ಓಗಿ."

ವಡೆ ಬಡಿಸುತ್ತಿದ್ದವನು ನಾನು. ಎಲೆಗೆ ಎರಡೆರಡು ಹಾಕುತ್ತಾ ಬಂದೆ. ಅವನ ಎಲೆಯ ಮುಂದೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ದಾಟಿ, ಮುಂದಿನ ಎಲೆಗೆ ಎರಡು ಹಾಕಿದೆ. ಅವನು ತಲೆಯೆತ್ತಿ ನೋಡಿದ. ಯಾವ ದನಿಯಲ್ಲೂ ನಾನು ಏನೂ ಹೇಳಲಿಲ್ಲ.

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ತಿಥಿಯ ಮನೆಯಲ್ಲಿ ಬಂದವರ ಎಲೆ ಬಿಡಬಾರದು, ಹಿಂದಕ್ಕೆ ಹೋಗಿ ಬಡಿಸು ಎನ್ನುತ್ತಾರೆಂದು ಕಾದು ನಿಂತೆ.

"ಆ ಕಡೆ ಸಾಲ್ಗೆ ಇನ್ನೂ ವಡೆ ಬಂದಿಲ್ಲ," ಅಂದರು. "ಓಗಪ್ಪ."