ಹರಕೆಯ ದೋಣಿ

ಅತ್ತೆಯ ರವಿಕೆ ಹರಿಯುತ್ತಿದ್ದದ್ದು ಯಾವಾಗಲೂ ಒಂದೇ ಕಡೆ, ಬಲ ತೋಳಿನ ಹಿಂದಿನ ಹೊಲಿಗೆಯಲ್ಲಿ. ಬಂಟ್ವಾಳ ಪೇಟೆಯ ದರ್ಜಿ ಅಲ್ಲಿ ಮಾತ್ರ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದ. ಆದರೂ ದೀಪಾವಳಿ ಕಳೆದು ನೇತ್ರಾವತಿ ಹೊಳೆ ಇಳಿದು ತಿಳಿಯಾಗುವ ಹೊತ್ತಿಗೆ ಅದು ಮತ್ತೆ ಬಾಯಿ ಬಿಡುತ್ತಿತ್ತು. ಕಡ್ಡಿಯಂಥ ಗಿಡ್ಡ ಹೆಂಗಸಿಗೆ ಮರ ಕಡಿಯುವವರ ಭುಜ. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ನಾನು ಕದ್ದು ಕದ್ದು ಅದನ್ನೇ ನೋಡುತ್ತಿದ್ದೆ.

ನನ್ನ ತವರು ಮೂಡಬಿದಿರೆ. ಐವತ್ತರ ದಶಕದ ನಡುವೆ ನನ್ನನ್ನು ನೋಡಲು ಬಂದವರಲ್ಲಿ ಉಳಿದವರೆಲ್ಲ ಅಡುಗೆ, ಹಾಡು, ಎಷ್ಟನೆಯ ಕ್ಲಾಸು ಎಂದು ವಿಚಾರಿಸುತ್ತಿದ್ದರೆ ಅತ್ತೆ ಕೇಳಿದ್ದು ಒಂದೇ ಮಾತು: “ಈಜು ಬರ್ತದಾ ಮಗಾ?” ಕೆರೆಗಳ ಊರಿನವಳಿಗೆ ಈಜು ಬಾರದೆ ಇರುತ್ತದೆಯೇ? “ಬರ್ತದೆ” ಎಂದೆ. “ಹಾಗಾದ್ರೆ ಆಯ್ತು” ಎಂದು ಅವರು ಕಾಫಿ ಲೋಟ ಕೆಳಗಿಟ್ಟರು. ಹುಡುಗ ಬಾಯಿ ತೆರೆಯುವ ಮೊದಲೇ ಸಂಬಂಧ ನಿಶ್ಚಯವಾಗಿತ್ತು.

ಮನೆ ನದಿಯ ದಡದಲ್ಲಿತ್ತು. ಎದುರಿಗೆ, ನೀರಿನ ನಡುವೆ ಒಂದು ಕುದ್ರು. ನದಿಯ ನಡುಗಡ್ಡೆಯನ್ನು ನಮ್ಮ ಕಡೆ ಹಾಗೆನ್ನುತ್ತೇವೆ. ಅದರಲ್ಲಿ ಒಂದು ತುಂಡು ನೆಲವೂ ಹೋಗಿಬರಲು ಒಂದು ಕಿರುದೋಣಿಯೂ ಅತ್ತೆಗೆ ತಾಯಿಯ ಪಾಲಿನಿಂದ ಬಂದಿದ್ದವು. ಇಬ್ಬರಿಗಷ್ಟೇ ಆಗುವ ದೋಣಿ. ಸೌತೆ, ಬಸಳೆ ತರಲು ಅತ್ತೆ ಅದರಲ್ಲಿ ಒಬ್ಬರೇ ಕುದ್ರಿಗೆ ಹೋದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅದು ಮನೆಗೆಲಸ. ಆದರೆ ಅವರ ಆಸೆ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಕುದ್ರು ದಾಟಿ, ಬೆಳ್ತಂಗಡಿಯ ಕಡೆಯಿಂದ ಬರುವ ನೀರಿಗೆ ಎದುರಾಗಿ, ತಿರುವಿನ ಮೇಲೆ ತಿರುವು ಕಳೆಯುತ್ತ ಹೋಗುತ್ತಲೇ ಇರಬೇಕು. ಯಾಕೆ ಎಂದರೆ ಯಾಕೂ ಇಲ್ಲ. ಹೋಗಬೇಕು, ನೋಡಬೇಕು, ಬರಬೇಕು.

ಈಗಿನವರು ದುಡ್ಡು ಕೊಟ್ಟು, ಬಣ್ಣದ ಜಾಕೆಟ್ ತೊಟ್ಟು, ಫೋಟೋ ತೆಗೆಸಿಕೊಂಡು ಮಾಡುವ ಕೆಲಸ ಇದು. ಆಗ ಕಾರಣವಿಲ್ಲದೆ ಹೊಳೆಯಲ್ಲಿ ಹೊರಟ ಹೆಂಗಸಿಗೆ ತಲೆ ಸರಿ ಇಲ್ಲ ಎನ್ನುತ್ತಿದ್ದರು. ಅದಕ್ಕೆ ಅತ್ತೆ ಕಂಡುಕೊಂಡ ಉಪಾಯ ಹರಕೆ. ಹರಕೆ ಸಲ್ಲಿಸಲು ಹೊರಟವಳನ್ನು ತಡೆಯುವ ಗಂಡಸು ನಮ್ಮೂರಿನಲ್ಲಿ ಇರಲಿಲ್ಲ. ಹೊಳೆಯ ಮೇಲುಗಡೆಯ ಊರು ಸರಪಾಡಿಗಿಂತ ಸ್ವಲ್ಪ ಈಚೆಗೆ, ಬಂಡೆಗಳ ನಡುವೆ ಒಂದು ಆಳವಾದ ಮಡು ಇತ್ತು, ನಾವು ಕಯ ಎನ್ನುವುದು. ಅದರ ಮೀನಿಗೆ ಅಕ್ಕಿ ಹಾಕುತ್ತೇನೆಂದು ಅತ್ತೆ ವರ್ಷವರ್ಷವೂ ಹೇಳಿಕೊಳ್ಳುತ್ತಿದ್ದರು. ಒಮ್ಮೆ ದನ ಸುಸೂತ್ರವಾಗಿ ಕರು ಹಾಕಿದ್ದಕ್ಕೆ, ಒಮ್ಮೆ ನನ್ನ ಗಂಡನ ಪರೀಕ್ಷೆಗೆ, ಬೇರೇನೂ ಸಿಗದಿದ್ದರೆ ಮಾವನ ಕೆಮ್ಮಿಗೆ.

ಮಾವ ಕೋರ್ಟಿನಲ್ಲಿ ಗುಮಾಸ್ತರು, ವಿಟ್ಲದ ಕಡೆಯ ಗುಡ್ಡದವರು. ನೀರಿನೊಂದಿಗೆ ಅವರ ವ್ಯವಹಾರ ಮೊಣಕಾಲಿನವರೆಗೆ ಮಾತ್ರ. “ಹರಕೆ ಬಾಕಿ ಇಡಬಾರದು, ಹೋಗಿ ಬಾ” ಎಂದು ದಡದವರೆಗೆ ಬಂದು ನಿಲ್ಲುತ್ತಿದ್ದರು. ದೋಣಿ ತಿರುವು ದಾಟುವವರೆಗೂ ಅಲ್ಲೇ ನಿಂತಿರುತ್ತಿದ್ದರು. ಮುಂದೆ ರಸ್ತೆ ಸರಿಯಾಗಿ ಬಸ್ಸು ಓಡತೊಡಗಿದಾಗ, “ಈಗ ಬಸ್ಸು ಉಂಟಲ್ಲ ಮಾರಾಯ್ತಿ, ದೋಣಿ ಯಾಕೆ?” ಎಂದು ಒಮ್ಮೆ ಕೇಳಿದರು. “ಅಕ್ಕಿ ಹಾಕಬೇಕಾದ್ದು ಕಯದ ನಡುವಿಗೆ. ಬಸ್ಸು ಅಲ್ಲಿಗೆ ಹೋಗ್ತದಾ?” ಎಂದರು ಅತ್ತೆ. ದಿನವಿಡೀ ವಕೀಲರ ನಡುವೆ ಇರುತ್ತಿದ್ದ ಮಾವ ಅಕ್ಕಿಯ ಗಂಟನ್ನು ತಾವೇ ತಂದು ದೋಣಿಯಲ್ಲಿಟ್ಟರು.

ಮೊದಲ ಸಲ ನನ್ನನ್ನು ಕರೆದುಕೊಂಡು ಹೋದದ್ದು ಮದುವೆಯಾದ ವರ್ಷವೇ. ಮನೆಯಲ್ಲಿ ಮಾತಿನಲ್ಲಿ ಬಡತನ ತೋರಿಸುತ್ತಿದ್ದ ಅತ್ತೆ ನೀರಿನ ಮೇಲೆ ಬೇರೆಯೇ ಹೆಂಗಸು. ಹೊಯಿಗೆಯ, ಎಂದರೆ ಮರಳಿನ, ದಿಬ್ಬ ಅಡ್ಡ ಬಂದರೆ ಸೀರೆ ಎತ್ತಿ ಕಟ್ಟಿ ಇಳಿದು ದೋಣಿ ಎಳೆಯುತ್ತಿದ್ದರು, ನೀರುನಾಯಿ ಕಂಡರೆ ಅದರ ಜೊತೆಗೂ ಮಾತು. ಬಂಡೆಗಳ ನಡುವೆ ನೀರು ರಭಸದಿಂದ ಇಳಿಯುವ ಇಕ್ಕಟ್ಟಿನಲ್ಲಿ ಹುಟ್ಟು ನನ್ನ ಕೈಗೆ ಕೊಟ್ಟು, “ನೀರನ್ನು ಹೊಡೀಬೇಡ, ಹಿಂದಕ್ಕೆ ದೂಡು” ಎಂದರು. ನಾನು ಹೊಡೆದೆ. ದೋಣಿ ಅಡ್ಡ ತಿರುಗಿ ಮಗುಚಿತು. ನಾನು ಕೆಮ್ಮುತ್ತ ಬಂಡೆ ಹಿಡಿದು ತಲೆ ಎತ್ತಿದರೆ ಅತ್ತೆ ಕುತ್ತಿಗೆವರೆಗಿನ ನೀರಿನಲ್ಲಿ ದೋಣಿಯ ಮೂತಿ ಹಿಡಿದುಕೊಂಡು ನಗುತ್ತಿದ್ದರು. ಅಕ್ಕಿಯ ಗಂಟು ಬಿಚ್ಚಿಹೋಗಿ ಸುತ್ತಲೂ ಮೀನು. “ಒಂದೇ ಸಲಕ್ಕೆ ಎಲ್ಲ ಸಂದಾಯ ಆಯ್ತು ಮಗಾ!” ಸಂಜೆ ಒದ್ದೆ ಮುದ್ದೆಯಾಗಿ ಬಂದವರನ್ನು ಕಂಡು ಮಾವ ಗಾಬರಿಯಾದರೆ, “ತಲೆಗೆ ಮಿಂದು ಒಪ್ಪಿಸುವುದು ಅಲ್ಲಿಯ ಕ್ರಮ” ಎಂದು ಅತ್ತೆ ಒಳಗೆ ಹೋದರು.

ನನಗೆ ಮಾತ್ರ ಒಳಗೊಳಗೇ ಅಳುಕು. ಒಮ್ಮೆ ಕೇಳಿಯೇ ಬಿಟ್ಟೆ, “ಮಾಮಿ, ಇದು ಸುಳ್ಳು ಹರಕೆ ಅಲ್ಲವಾ?” ತುಳುವಿನಲ್ಲಿ ನಾನು ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೆ. ಅವರು ಸ್ವಲ್ಪವೂ ಕಸಿವಿಸಿ ಪಡಲಿಲ್ಲ. “ಸುಳ್ಳು ಎಂತದ್ದು? ಹೇಳಿಕೊಂಡದ್ದು ಹೌದು, ಸಲ್ಲಿಸಿದ್ದೂ ಹೌದು. ಯಾಕೆ ಹೇಳಿಕೊಂಡೆ ಅಂತ ದೇವರು ಈವರೆಗೆ ಕೇಳ್ಲಿಲ್ಲ.”

ಅರವತ್ತರ ದಶಕದ ಒಂದು ಮಳೆಗಾಲದ ಕೊನೆಗೆ ಮಾವನಿಗೆ ಟೈಫಾಯ್ಡ್ ಬಂತು. ಜ್ವರ ಇಳಿಯಲೇ ಇಲ್ಲ. ಡಾಕ್ಟರು ನಮ್ಮ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. “ಏನಾದರೂ ಹೇಳಿಕೊಳ್ಳಿ ಮಾಮಿ” ಎಂದೆ ನಾನು. ಅತ್ತೆ ಮಾವನ ಹಣೆಯ ಬಟ್ಟೆ ಬದಲಿಸುತ್ತ ಹೇಳಿದರು, “ಯಾವ ಮುಖದಲ್ಲಿ ಮಗಾ? ಇಲ್ಲದ ಕೆಮ್ಮಿಗೆ ಇಷ್ಟು ವರ್ಷ ಅಕ್ಕಿ ಹಾಕಿದೆ. ಈಗ ಮತ್ತೆ ಅಕ್ಕಿ ಅಂದ್ರೆ ಯಾರು ನಂಬ್ತಾರೆ?” ಆಮೇಲೆ ಒದ್ದೆ ಬಟ್ಟೆ ಹಿಂಡುತ್ತ, ನನಗಲ್ಲ ಎಂಬಂತೆ, “ಇವರು ಎದ್ದು ಕೂತ್ರೆ ನಾನು ಇನ್ನು ಕುದ್ರು ದಾಟುವುದಿಲ್ಲ” ಎಂದರು. ಬೇಡ ಎನ್ನಬೇಕೆಂದು ಬಾಯಿವರೆಗೆ ಬಂತು. ಆದರೆ ಅತ್ತೆಯ ಮಾತು ಹೊರಬಿದ್ದಾಗಿತ್ತು.

ಮಾವ ಎದ್ದು ಕೂತರು. ದೀಪಾವಳಿ ಕಳೆಯಿತು, ನದಿ ಇಳಿಯಿತು, ಅತ್ತೆ ಹೊರಡಲಿಲ್ಲ. ಜಗಲಿಯಲ್ಲಿ ಗಂಜಿ ಕುಡಿಯುತ್ತಿದ್ದ ಮಾವ ಒಂದು ದಿನ ಕೇಳಿದರು, “ಈ ವರ್ಷ ಹರಕೆ ಇಲ್ಲವಾ? ನಾನು ಸಾಯುವುದು ತಪ್ಪಿದ್ದಕ್ಕೂ ಇಲ್ಲವಾ?” ಅತ್ತೆ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಹೇಳಿದರು. ಕೆಮ್ಮು, ಕರು, ಪರೀಕ್ಷೆ, ಕೊನೆಗೆ ಜ್ವರದ ದಿನ ಹೇಳಿಕೊಂಡದ್ದು.

“ನನಗೆ ಗೊತ್ತುಂಟು” ಎಂದರು ಮಾವ. “ಪ್ರತಿ ವರ್ಷ ಹೊಳೆ ತಿಳಿಯಾದಾಗಲೇ ನನಗೆ ಕೆಮ್ಮು ಬರುವುದು ಹೇಗೆ ಅಂತ ನಾನು ಯೋಚಿಸದೆ ಇರ್ತೇನಾ?”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಒಂದು ಸಲವಾದ್ರೂ ನನ್ನನ್ನು ಕರೀತಿ ಅಂತ ಕಾಯ್ತಿದ್ದೆ. ನಾನಾಗಿ ಹೇಳುವುದು ಹೇಗೆ? ಈಜು ಬಾರದ ಗಂಡಸು ಹೆಂಡತಿಯ ದೋಣಿಯಲ್ಲಿ ಕೂತ್ರೆ ಊರು ನಗ್ತದೆ.”

ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಾವ ಎಷ್ಟೋ ಹೇಳಿ ನೋಡಿದರು. “ನನ್ನ ಹೆಸರಿನ ಹರಕೆ, ನಾನೇ ಮಾಫಿ ಮಾಡ್ತೇನೆ, ಬೇಕಾದ್ರೆ ದೇವಸ್ಥಾನದ ತಂತ್ರಿಗಳನ್ನು ಕೇಳುವ” ಎಂದರು. ಅತ್ತೆ ತಲೆಯಾಡಿಸಿದರು. “ಇದೊಂದಾದ್ರೂ ನಿಜದ್ದು ಇರ್ಲಿ.”

ಆಮೇಲೆ ಅವರಿಬ್ಬರೂ ಒಂದು ಅಭ್ಯಾಸ ಮಾಡಿಕೊಂಡರು. ಕೋರ್ಟು ಬಿಟ್ಟು ಬಂದ ಮಾವ ದೋಣಿಯ ಎರಡೂ ಅಂಚು ಗಟ್ಟಿ ಹಿಡಿದು ಕೂರುತ್ತಿದ್ದರು, ಅತ್ತೆ ಕುದ್ರಿನವರೆಗೆ ಹುಟ್ಟು ಹಾಕುತ್ತಿದ್ದರು. ಊರು ನಕ್ಕಿತು, ಎರಡು ವಾರ ಕಳೆದ ಮೇಲೆ ಅದಕ್ಕೂ ಬೇಜಾರು ಬಂತು. ಕುದ್ರಿನ ಮೇಲ್ತುದಿಯಲ್ಲಿ, ನೀರು ಎರಡಾಗಿ ಸೀಳುವಲ್ಲಿ, ಇಬ್ಬರೂ ಮೂಡಣಕ್ಕೆ ಮುಖ ಮಾಡಿ ಕೂತಿರುವುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅತ್ತೆಯ ಕೈ ಮೇಲಕ್ಕೆ, ಎಡಕ್ಕೆ, ಬಲಕ್ಕೆ ಆಡುತ್ತಿತ್ತು. ದಾಟಿದರೆ ಯಾರು ತಡೆಯುತ್ತಿದ್ದರು? ಆದರೆ ದಾಟಲಿಲ್ಲ. ರವಿಕೆ ಹರಿಯುವುದೂ ನಿಂತಿತು. ಹರಿಯದ ರವಿಕೆ ಒಗೆಯುವಾಗ ನಾನು ಆ ತೋಳಿನ ಹೊಲಿಗೆಯನ್ನು ಮತ್ತೆ ಮತ್ತೆ ತಡವಿ ನೋಡುತ್ತಿದ್ದೆ.

ಹೀಗೆ ಕೆಲವು ವರ್ಷ. ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ, ನದಿ ಕೆಂಪಾಗಿ ತುಂಬಿ ಹರಿಯುತ್ತಿದ್ದಾಗ, ಅತ್ತೆ ಒಲೆಯ ಮುಂದೆ ಕುಸಿದರು. ಡಾಕ್ಟರು ಬರುವ ಮೊದಲೇ ಎಲ್ಲ ಮುಗಿದಿತ್ತು. ನನ್ನನ್ನು ಹೆತ್ತವಳು ಹೋದಾಗಲೂ ನಾನು ಅಷ್ಟು ಅಳಲಿಲ್ಲ. ಹೇಳಬಾರದೇನೋ, ಆದರೆ ಅದು ಸತ್ಯ.

ಆ ವರ್ಷ ನದಿ ತಿಳಿಯಾದ ಮೇಲೆ ಮಾವ ನನ್ನ ಬಳಿಗೆ ಬಂದು, “ನೀನು ಹುಟ್ಟು ಹಾಕ್ತೀಯಾ ಮಗಳೇ?” ಎಂದರು. ನಾನು ಹುಟ್ಟು ತೆಗೆದುಕೊಂಡು ದಡಕ್ಕೆ ಇಳಿದೆ.

ಕುದ್ರು ದಾಟಿದ ಮೇಲೆ ನಾನು ಮಾವನಿಗೆ ದಾರಿ ತೋರಿಸಬೇಕೆಂದುಕೊಂಡಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. “ಈಗ ಬಲಕ್ಕೆ ಒಂದು ಬಾಗಿದ ಹೊಂಗೆ ಮರ ಬರಬೇಕು” ಎಂದರು. ಬಂತು. “ಇನ್ನು ಸ್ವಲ್ಪ ದೂರ ಹೊಯಿಗೆ, ಇಳಿದು ಎಳೀಬೇಕು.” ಹೌದು. “ಇದು ನೀನು ಬಿದ್ದ ಜಾಗ ಅಲ್ಲವಾ?” ಎಂದು ಇಕ್ಕಟ್ಟಿನ ಬಳಿ ನಕ್ಕರು. ಜೀವಮಾನದಲ್ಲಿ ಒಮ್ಮೆಯೂ ಬಾರದ ಮನುಷ್ಯ ಒಂದೊಂದು ತಿರುವನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಎಲ್ಲವೂ ಅತ್ತೆಯ ಮಾತು, ಅತ್ತೆಯದೇ ಧಾಟಿ. ನನ್ನ ಕಣ್ಣು ತುಂಬಿ ದಾರಿ ಕಾಣದಾದಾಗ, “ಎಡಕ್ಕೆ ದೂಡು, ಎಡಕ್ಕೆ” ಎಂದವರೂ ಅವರೇ.

ಮಧ್ಯಾಹ್ನದ ಹೊತ್ತಿಗೆ ಕಯಕ್ಕೆ ಬಂದೆವು. ಮಾವ ದೋಣಿಯ ಅಂಚಿನಿಂದ ಒಂದು ಕೈ ಬಿಟ್ಟು ನೀರು ಮುಟ್ಟಿದರು. ಬಂಡೆಗಳ ಆಚೆ ನದಿ ಮತ್ತೊಂದು ತಿರುವು ತೆಗೆದುಕೊಂಡು ಮರೆಯಾಗಿತ್ತು.

“ಅವಳು ಹೇಳಿದ್ದು ಇಲ್ಲಿಯವರೆಗೆ” ಎಂದರು ಮಾವ. “ಮುಂದೆ ಎಂತ ಉಂಟು?”

“ಗೊತ್ತಿಲ್ಲ ಮಾವ. ನಾವು ಯಾವತ್ತೂ ಇಲ್ಲಿಂದಲೇ ತಿರುಗುತ್ತಿದ್ದದ್ದು. ಮಾಮಿಯೂ ನೋಡಿಲ್ಲ.”

ಮಾವ ಆ ತಿರುವನ್ನೇ ನೋಡುತ್ತಿದ್ದರು. ಆಮೇಲೆ ದೋಣಿಯ ಎರಡೂ ಅಂಚನ್ನು ಮತ್ತೆ ಗಟ್ಟಿಯಾಗಿ ಹಿಡಿದುಕೊಂಡು, “ಹಾಗಾದ್ರೆ ಹೋಗುವ” ಎಂದರು.