ಪರಿವಿಡಿಯ ಏಳನೆಯ ಸಾಲು

ಸಂಗೀತ ಮಾಸಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ರುಜು ಹಾಕುವಾಗ ಮಾತ್ರ ಅವನಿಗೇ ನೆನಪಾಗುತ್ತಿತ್ತು. ಕಂಪ್ಯೂಟರ್ ಇನ್ನೂ ಕಾಲಿಡದ ಕಾಲ. ಅಕ್ಷರ ಜೋಡಿಸುವಾಕೆ ಹೊಳಪು ಕಾಗದದ ಮೇಲೆ ಸಾಲುಗಳನ್ನು ತೆಗೆದುಕೊಡುತ್ತಿದ್ದಳು. ಅವನ್ನು ಚೀಟಿ ಚೀಟಿಯಾಗಿ ಕತ್ತರಿಸಿ, ದಪ್ಪ ಹಾಳೆಯ ಮೇಲೆ ಗೋಂದಿನಿಂದ ಅಂಟಿಸಿ ಪುಟ ಕಟ್ಟುವುದು ಇವನ ಕೆಲಸ. ಆ ಹಾಳೆಯ ಫೋಟೋ ತೆಗೆದು ಅಚ್ಚು ಹಾಕುತ್ತಿದ್ದರು.

ಉಳಿದ ಪುಟ ಹೇಗಾದರೂ ಬರಲಿ, ಪರಿವಿಡಿ ಮಾತ್ರ ಅವನ ಪ್ರಾಣ. ಎಡಕ್ಕೆ ದಪ್ಪಗೆ ಪುಟಸಂಖ್ಯೆ, ಬಲಕ್ಕೆ ಲೇಖನದ ಹೆಸರು. ಹಾಡುವವರು ಮೇಲೆ, ನುಡಿಸುವವರು ನಡುವೆ, ಓದುಗರ ಜಗಳ ಕೊನೆಗೆ. ಅದರ ಕೆಳಗೆ ಮೂರು ಬೆರಳಗಲ ಖಾಲಿ ಜಾಗ. ಅಲ್ಲಿ ಜಾಹೀರಾತು ತುರುಕಲು ಬಂದವರನ್ನು, ಹಾಡುವವನಿಗೇ ನಡುವೆ ಉಸಿರು ಬೇಕು, ಪುಟಕ್ಕೆ ಬೇಡವೇ ಎಂದು ದಬಾಯಿಸಿ ಕಳಿಸುತ್ತಿದ್ದ. ಹಾಗೆಂದು ಅವನಿಗೆ ರಾಗವೂ ತಿಳಿಯದು, ತಾಳವೂ ತಿಳಿಯದು. ಸಾಲು ಸೊಟ್ಟಗಿದ್ದರೆ ಅಪಸ್ವರ, ಅಷ್ಟೇ ಅವನ ಸಂಗೀತ.

ಐವತ್ತು ದಾಟಿ ಆರು ವರ್ಷಕ್ಕೆ ಕಣ್ಣಿನ ನಡುವೆ ಹೊಗೆ ಕೂತಂತಾಯಿತು. ಅಂಚಿನಲ್ಲಿ ಒಂದಿಷ್ಟು ಕಂಡೀತು, ನಡುವಿನದು ಹೋಗುತ್ತದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಗಂಡಹೆಂಡಿರು ಬಾಯಿಗೆ ಬೀಗ ಹಾಕಿಕೊಂಡರು. ಅವರ ಮನೆಯೆಂದರೆ ಕಚೇರಿಯ ಹಿಂದಿನ ಎರಡು ಕೋಣೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಹೋಗಲು ಬೇರೆ ನೆರಳಿಲ್ಲ.

ಅಂದಿನಿಂದ ಅವನು ಹಾಳೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಹೆಂಡತಿ ತುಟಿಯಲ್ಲೇ ಕೂಡಿಸಿ ಕೂಡಿಸಿ ಓದಿ, ಒಂದೊಂದೇ ಚೀಟಿಯನ್ನು ಅವನ ಕೈಗಿಡುತ್ತಿದ್ದಳು. ಅವನು ಸಾಲು ನೇರ ಹಿಡಿಯುವ ಅಡ್ಡಪಟ್ಟಿಗೆ ಉಗುರು ಒತ್ತಿಹಿಡಿದು ಅಂಟಿಸಿದರೆ, ಅವಳು ಸಾಲಿನ ಓರೆಕೋರೆ ನೋಡಿ ಹೇಳುತ್ತಿದ್ದಳು. ಊಟಕ್ಕೆ ಯಾಕೆ ಇಷ್ಟು ಅವಸರ ಎಂದು ಯಾರಾದರೂ ಚೇಷ್ಟೆ ಮಾಡಿದರೆ, ನನ್ನ ಕಣ್ಣು ಮನೆಯಲ್ಲಿ ಕಾಯುತ್ತಿದೆ ಎನ್ನುತ್ತಿದ್ದ. ಮುದುಕನಿಗೆ ಈ ವಯಸ್ಸಿನಲ್ಲೂ ಹೆಂಡತಿಯ ಹುಚ್ಚು ನೋಡಿ ಎಂದು ಅವರು ನಗುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷ ಕಳೆಯಿತು.

ಒಂದು ತಿಂಗಳು, ಪರಿವಿಡಿ ಕಟ್ಟುವ ದಿನವೇ, ಹೆಂಡತಿಯ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳೆಂದು ಸುದ್ದಿ ಬಂತು. ಜ್ವರ ಅಂತ ಹೇಳಿ ಮಲಗಿಬಿಡಿ ಎಂದು ಹತ್ತು ಸಲ ಹೇಳಿ ಅವಳು ಮೊದಲ ಬಸ್ಸು ಹತ್ತಿದಳು. ಮಲಗಿದರೆ ಬೇರೆಯವನು ಪುಟ ಕಟ್ಟುತ್ತಾನೆ, ಒಮ್ಮೆ ಕಟ್ಟಿದವನು ಮತ್ತೆ ಬಿಡುತ್ತಾನೆಯೇ? ಗೋಂದಣ್ಣ ಅಕ್ಷರ ಜೋಡಿಸುವಾಕೆಯಿಂದ, ತಪ್ಪು ನೋಡುವ ನೆಪದಲ್ಲಿ, ಹದಿಮೂರು ಸಾಲನ್ನೂ ಎರಡು ಸಲ ಓದಿಸಿ ಬಾಯಿಪಾಠ ಮಾಡಿಕೊಂಡ. ಕತ್ತರಿಸಿದ ಅನುಕ್ರಮದಲ್ಲೇ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಬೆರಳಲ್ಲೇ ಅಳೆದು ಅಂಟಿಸಿದ. ಮೂರು ಗಂಟೆಗೆ ಸರಿಯಾಗಿ ಸಂಪಾದಕರ ಮುಂದಿಟ್ಟ.

ಸಂಪಾದಕರೆಂದರೆ ಹಳೆಯ ಯಜಮಾನರ ಮಗ. ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಇವನ ಗೋಂದಿನ ಡಬ್ಬಿ ಚೆಲ್ಲಿ ಬೈಸಿಕೊಂಡವರು. ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

"ಗೋಂದಣ್ಣ, ಇದನ್ನ ಒಂದ್ಸಲ ಓದಿ ನೋಡಿ."

ಗೋಂದಣ್ಣ ಹಾಳೆಯನ್ನು ಮುಖದ ಹತ್ತಿರ ಹಿಡಿದು, ಒಂದಕ್ಷರ ತಡವರಿಸದೆ ಹದಿಮೂರೂ ಸಾಲು ಒಪ್ಪಿಸಿದ. ಏಳನೆಯದು, ತಂತಿ ಬಿಗಿಯುವವರ ಕಿವಿ, ಪುಟ ಮೂವತ್ತೊಂದು.

ಬಾಗಿಲಲ್ಲಿ ನಿಂತಿದ್ದ ಅಕ್ಷರದಾಕೆ ಕಿಸಕ್ಕನೆ ನಕ್ಕಳು. "ಏಳನೇದು ನಿಮ್ಮ ತೋಳಿನ ಮೇಲಿದೆಯಲ್ಲಣ್ಣ. ಈ ಸಲ ಅಂಗೀನೂ ಅಚ್ಚಿಗೆ ಕಳಿಸ್ತೀರಾ?"

ಅಂಗಿಯ ಮೊಣಕೈಗೆ ಅಂಟಿಕೊಂಡಿತ್ತು ಚೀಟಿ. ಹಾಳೆಯಲ್ಲಿ ಅದರ ಜಾಗ ಖಾಲಿ. ಸಂಪಾದಕರು ನಗಲಿಲ್ಲ. ಆಕೆಯನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಎಷ್ಟು ದಿನದಿಂದ ಎಂದು ಕೇಳಿದರು. ಗೋಂದಣ್ಣ ಎರಡು ವರ್ಷ ಎಂದ. ಪುಟ ಕಟ್ಟಿದ್ದು ಯಾರ ಕಣ್ಣು ಎಂಬುದನ್ನೂ ಹೇಳಿದ. ಉಳಿದ ಪುಟಗಳನ್ನೆಲ್ಲ ಯಾರಿಗಾದರೂ ಕೊಡಿ, ಇದೊಂದನ್ನು ಉಳಿಸಿ ಎಂದು ಅಂಗಲಾಚಿದ.

"ಈಗಲೇ ನಿಮ್ಮೆದುರಿಗೇ ಅಂಟಿಸ್ತೀನಿ ಸಾರ್. ನೇರ ಬಂದ್ರೆ ನನ್ನನ್ನ ಇಟ್ಕೊಳಿ."

ಸಂಪಾದಕರು ತೋಳಿನ ಚೀಟಿ ಬಿಡಿಸಿ ಕೈಗೆ ಕೊಟ್ಟರು. ಅವನು ಜಾಗ ತಡವಿ, ಉಸಿರು ಬಿಗಿಹಿಡಿದು ಅಂಟಿಸಿ, ನೇರ ಇದೆಯಾ ಎಂದ.

"ಎಡಕ್ಕೆ ವಾಲಿದೆ."

ಎತ್ತಿ ಮತ್ತೆ ಅಂಟಿಸಿದ. ಈಗ ಬಲಕ್ಕೆ ವಾಲಿತ್ತು. ಮೂರನೆಯ ಸಲ ಎತ್ತುವಾಗ ಚೀಟಿ ನಡುವೆ ಹರಿದು, ಅರ್ಧ ಅವನ ಉಗುರಿಗೆ ಬಂತು.

"ಸಾಕು ಬಿಡಿ ಗೋಂದಣ್ಣ." ಸಂಪಾದಕರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಿಂಗಳ ಕೊನೆಯವರೆಗೆ ಕೋಣೆಯಲ್ಲಿರಬಹುದು, ಆಮೇಲೆ ಪುಟ ಕಟ್ಟಲು ಬರುವವನಿಗೆ ಅದು ಬೇಕು, ಅದಕ್ಕಿಂತ ಹೆಚ್ಚು ತಮ್ಮ ಕೈಯಲ್ಲಿಲ್ಲ ಎಂದರು.

ಗೋಂದಣ್ಣ ಉಗುರಿನ ಗೋಂದನ್ನು ಅಂಗಿಗೆ ಒರೆಸಿಕೊಂಡ. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು ಅಲ್ಲೇ ತಿರುಗಿದ.

"ಮನೆಯವಳು ನಾಡಿದ್ದು ಬರ್ತಾಳೆ ಸಾರ್. ತಾನು ಹೋಗಿದ್ದಕ್ಕೇ ಹೀಗಾಯ್ತು ಅಂತ ಗೊತ್ತಾದ್ರೆ ಸಾಯೋತನಕ ಕೊರಗ್ತಾಳೆ. ನಾನೇ ಸಾಕಾಗಿ ಕೆಲಸ ಬಿಟ್ಟೆ ಅಂತ ಹೇಳ್ತೀನಿ. ನಿಮ್ಮನ್ನ ಕೇಳಿದ್ರೆ ನೀವೂ ಹಾಗೇ ಹೇಳ್ತೀರಾ?"

ಸಂಪಾದಕರು ಆಗಲಿ ಎಂಬಂತೆ ತಲೆಯಾಡಿಸಿದರು. ಅದು ಗೋಂದಣ್ಣನಿಗೆ ಕಾಣಲಿಲ್ಲ. ಉತ್ತರಕ್ಕಾಗಿ ನಿಂತೇ ಇದ್ದ.