ಬ್ರೆಡ್ಡಿನವನ ಮೂರು ಗೇರು

ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕೋಪ ಇನ್ನೂ ಇಳಿದಿಲ್ಲ. ಕ್ರಮ ತಪ್ಪಿದರೆ ಇದು ಬರೀ ಬೈಗುಳವಾಗುತ್ತದೆ.

ನೈರೋಬಿಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳಿಗೆ ಹಳದಿ ಪಟ್ಟೆ ಬಳಿಸಿ ಸೀಟ್ ಬೆಲ್ಟ್ ಹಾಕಿಸಿದ ವರ್ಷ ಅದು. ಒಂದು ಬ್ಯಾಂಕಿನ ಕೆಲಸಕ್ಕೆ ನಾನು ಮೈಸೂರಿನಿಂದ ಬಂದು ಎರಡು ವಾರವಾಗಿತ್ತು. ಮನೆ ಸೌತ್ ಬಿ ಎಂಬ ಬಡಾವಣೆಯಲ್ಲಿ. ಭಾನುವಾರ ಬೆಳಿಗ್ಗೆ ಹರ್ಲಿಂಗ್‌ಹ್ಯಾಮ್‌ಗೆ, ಮಂಗಳೂರು ಕಡೆಯ ಹಿರಿಯರೊಬ್ಬರ ಮನೆಗೆ ಹೋಗುತ್ತಿದ್ದೆ. ಅವರು ನೈರೋಬಿಗೆ ಬಂದು ನಲವತ್ತು ವರ್ಷ ದಾಟಿತ್ತು. ನಿವೃತ್ತರಾದ ಮೇಲೆ ವರಾಂಡದಲ್ಲಿ ಹಳೆಯ ಇಂಗ್ಲಿಷ್ ಸೈಕಲ್‌ಗಳನ್ನು ಬಿಚ್ಚಿ, ತೊಳೆದು, ಜೋಡಿಸುವುದೇ ಅವರ ಕೆಲಸ. ಅದರಲ್ಲೂ ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಗೇರು ಇರುವ ಸೈಕಲ್ ಎಂದರೆ ಅವರಿಗೆ ಪ್ರಾಣ. ಬಂದ ಮೊದಲ ವಾರ ನನಗೆ ಊಟ ಹಾಕಿದವರು ಅವರೇ. ಅದನ್ನೂ ಬರೆಯಬೇಕು.

ನಾನು ಹೊರಡುವ ಮೊದಲೇ ಅವರು ಫೋನಿನಲ್ಲಿ ಒಂದು ಸಾಮಾನು ಹೇಳಿದ್ದರು. ಗೇರಿನ ಹಬ್ ಒಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳಿರುತ್ತವೆ. ಕೊಕ್ಕೆಯನ್ನು ಎತ್ತಿ ಹಿಡಿಯುವುದು ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗು. ಅದು ನೈರೋಬಿಯಲ್ಲಿ ಸಿಗುವುದಿಲ್ಲ. ಮೈಸೂರಿನ ಹಳೆಯ ಸೈಕಲ್ ಅಂಗಡಿಯೊಂದರಲ್ಲಿ ಎರಡು ಮಧ್ಯಾಹ್ನ ಡಬ್ಬಗಳನ್ನು ಜಾಲಾಡಿ ಆರು ಸ್ಪ್ರಿಂಗು ತಂದಿದ್ದೆ, ಹೋಮಿಯೋಪತಿ ಗುಳಿಗೆಯ ಖಾಲಿ ಶೀಶೆಯಲ್ಲಿ.

ಪೆಟ್ಟಿಗೆಯ ತಳದಲ್ಲಿ ಮರೆತಿದ್ದ ಅದನ್ನು ಕೊಡಲು ಹೋದ ಭಾನುವಾರವೇ ಬ್ರೆಡ್ಡಿನವನು ಬಂದ. ಪೇಟೆಯಿಂದ ಬ್ರೆಡ್ಡಿನ ಕ್ರೇಟುಗಳನ್ನು ಕಟ್ಟಿಕೊಂಡು ಏರು ಹತ್ತಿ, ಹರ್ಲಿಂಗ್‌ಹ್ಯಾಮ್‌ನ ಸಣ್ಣ ಅಂಗಡಿಗಳಿಗೆ ಹಾಕುವವನು. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಅವನ ಸೈಕಲ್ಲಿನಲ್ಲಿ ಮೂರು ಗೇರಿನ ಹಬ್ ಇತ್ತು. ಅದರ ಎಣ್ಣೆ ತೂತಿನ ಮುಚ್ಚಳ ಕಳೆದುಹೋಗಿದ್ದರಿಂದ ನೀಲಿ ಹವಾಯಿ ಚಪ್ಪಲಿಯ ರಬ್ಬರನ್ನು ಬಿರಡೆಯಂತೆ ಕೆತ್ತಿ ತುರುಕಿದ್ದ. ಮೊದಲ ಗೇರಿಗೆ ಹಾಕಿದರೆ ಪೆಡಲು ಸುಮ್ಮನೆ ತಿರುಗುತ್ತದೆ, ಏರಿನಲ್ಲಿ ಆಗುತ್ತಿಲ್ಲ ಎಂದು ಕೈಯಲ್ಲಿ ತಿರುಗಿಸಿ ತೋರಿಸಿದ.

ಹಿರಿಯರು ಅಲ್ಲೇ ಹಬ್ ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಎರಡು ಸ್ಪ್ರಿಂಗು ಮುರಿದಿದ್ದವು, ಬೇರೆ ಏನೂ ಕೆಟ್ಟಿರಲಿಲ್ಲ. ಶೀಶೆ ನನ್ನ ಕೈಯಲ್ಲಿತ್ತು. ಹಿರಿಯರು ಅವನಿಗೆ ಹೇಳಿದರು: "ಸ್ಪೇರ್ ಹಾಕುನಾ."

ನನ್ನ ಕಿವಿಗೆ ಬಿದ್ದದ್ದು "ಸ್ಪೇರ್ ಹಾಕೋಣ."

ಬ್ರೆಡ್ಡಿನವನು ನನ್ನನ್ನು ನೋಡಿದ, ಶೀಶೆಯನ್ನು ನೋಡಿದ. ಕೇಳಿದ: "ಹಾಕುನಾ?"

"ಹಾಕೋಣ, ಹಾಕೋಣ," ಎಂದೆ, ನಗುತ್ತಾ.

"ಕಬಿಸಾ?"

ಆ ಪದ ಆಫೀಸಿನಲ್ಲಿ ಕಲಿತಿದ್ದೆ. ಖಂಡಿತ, ಪೂರ್ತಿ ಎಂದು ಅರ್ಥ. "ಕಬಿಸಾ," ಎಂದೆ. ಅವನು ತಲೆ ತಗ್ಗಿಸಿದ. ಹಿರಿಯರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಬಟ್ಟೆಯಿಂದ ಕೈ ಒರೆಸಿಕೊಂಡರು. ಸೈಕಲ್ ಇಲ್ಲೇ ಬಿಟ್ಟು ಬುಧವಾರ ಬಾ ಎಂದು ಅವನಿಗೆ ಹೇಳಿ ಕಳಿಸಿದರು.

ಅವನು ಹೋದ ಮೇಲೆ ಸ್ಪ್ರಿಂಗು ಕೂರಿಸಿದ್ದು ನಾನೇ. ಹಿರಿಯರು ಪಕ್ಕದಲ್ಲಿ ನಿಂತು ಕಲಿಸಿದರು. ಕೊಕ್ಕೆಯ ಅಡಿಯಲ್ಲಿ ತಂತಿಯ ಕಾಲು ಹೇಗಿರಬೇಕು, ಪಿನ್ನು ಯಾವ ಕಡೆಯಿಂದ, ಬೇರಿಂಗಿನ ಕೋನ್ ನಟ್ಟನ್ನು ಎಷ್ಟು ಬಿಗಿದು ಎಷ್ಟು ಸಡಿಲಿಸಬೇಕು. ಕೈಯಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಎಂದು ಕೇಳಿತು. ಬ್ರೆಡ್ಡಿನವನಿಗೆ ಒಳ್ಳೆಯದಾಯಿತು ಎಂದುಕೊಂಡು ಮನೆಗೆ ಹೋದೆ.

ಮುಂದಿನ ಎರಡು ವಾರ ಬ್ಯಾಂಕಿನ ಕೆಲಸದಿಂದ ಹಿರಿಯರ ಮನೆಗೆ ಹೋಗಲಾಗಲಿಲ್ಲ. ಆ ದಿನಗಳಲ್ಲಿ ಅವನನ್ನು ಮಟಾಟುವಿನ ಕಿಟಕಿಯಿಂದ ಮೂರು ಸಲ ಕಂಡೆ. ಮೂರು ಸಲವೂ ಏರಿನಲ್ಲಿ ಸೈಕಲ್ಲಿನಿಂದ ಇಳಿದು, ಎದೆಯನ್ನು ಸೀಟಿಗೆ ಒತ್ತಿ, ಕ್ರೇಟುಗಳ ಸಮೇತ ತಳ್ಳುತ್ತಿದ್ದ. ಗೇರು ಸರಿಯಾಗಿದೆಯಲ್ಲ, ಯಾಕೆ ನಡೆಯುತ್ತಾನೆ ಎಂದುಕೊಂಡೆ. ಒಮ್ಮೆ ಕೈ ಬೀಸಿದೆ. ಅವನು ನೋಡಿದ, ಕೈ ಎತ್ತಲಿಲ್ಲ.

ಮೂರನೆಯ ಶನಿವಾರ ಸೌತ್ ಬಿಯ ಅಂಗಡಿಯಲ್ಲಿ ಹಾಲು ಕೇಳಿದೆ. ಅಂಗಡಿಯಾಕೆ "ಹಾಕುನಾ" ಎಂದಳು. ನಾನು ಚೀಲ ಬಿಡಿಸಿ ಹಿಡಿದೆ. ಅವಳು ಮತ್ತೆ "ಹಾಕುನಾ" ಎಂದಳು. ನಾನು ಚೀಲವನ್ನು ಇನ್ನಷ್ಟು ಅಗಲಿಸಿದೆ. ಹಿಂದೆ ನಿಂತಿದ್ದವರು ನಕ್ಕರು. ಕೊನೆಗೆ ಅವಳು ಖಾಲಿ ಕ್ರೇಟನ್ನು ಎತ್ತಿ ಬೋರಲಾಗಿಸಿ ತೋರಿಸಿದಳು.

ಇಲ್ಲ. ಸ್ವಾಹಿಲಿಯಲ್ಲಿ ಆ ಪದದ ಅರ್ಥ ಇಲ್ಲ ಎಂದು. ಪ್ರವಾಸಿಗರ ಅಂಗಿಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ನೋಡಿದ್ದೆ. ಕಿವಿಗೆ ಬಿದ್ದಾಗ ಅದೇ ಇದು ಎಂದು ಹೊಳೆದಿರಲಿಲ್ಲ. ಇನ್ನೊಂದೂ ಹೊಳೆಯಬೇಕಿತ್ತು. ಮಂಗಳೂರಿನವರು ಹಾಕೋಣ ಎನ್ನುವುದಿಲ್ಲ, "ಹಾಕುವ" ಎನ್ನುತ್ತಾರೆ.

ಚೀಲ ಹಿಡಿದುಕೊಂಡೇ ಮಟಾಟು ಹತ್ತಿದೆ. ಹಿರಿಯರು ವರಾಂಡದಲ್ಲಿದ್ದರು. ಅವರ ಹಿಂದಿನ ಗಾಜಿನ ಕಪಾಟಿನಲ್ಲಿ, ಪಾಲಿಶ್ ಮಾಡಿ, ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದ ಹಬ್ ಕಾಣಿಸಿತು. ಎಣ್ಣೆ ತೂತಿನಲ್ಲಿ ನೀಲಿ ರಬ್ಬರು ಇನ್ನೂ ಇತ್ತು.

"ಅಂಕಲ್, ಬ್ರೆಡ್ಡಿನವನ ಹಬ್ ಅಲ್ವಾ ಅದು?"

"ಅವನಿಗೆ ಹೊಸತು ಹಾಕಿ ಕೊಟ್ಟೆನಲ್ಲ ಮಾರಾಯ. ಒಂದು ಶಿಲ್ಲಿಂಗ್ ತೆಗೊಳ್ಳಲಿಲ್ಲ. ಉಪಕಾರ ಅಂತ ಅಸಾಂಟೆ ಹೇಳಿ ಹೋದ."

"ಹೊಸದಕ್ಕೆ ಗೇರಿಲ್ಲ. ಅವನು ಏರು ಪೂರ್ತಿ ತಳ್ಕೊಂಡು ಹೋಗ್ತಾನೆ. ನಾನೇ ನೋಡ್ದೆ."

"ಬ್ರೆಡ್ಡು ಹೊರುವವನಿಗೆ ಎಂತಕ್ಕೆ ಗೇರು? ಅವನ ಕೈಯಲ್ಲಿ ಅದು ಇನ್ನೊಂದು ವರ್ಷ. ಜಜ್ಜಿ ಬಿಸಾಡ್ತಾನೆ. ಇಲ್ಲಿಯಾದ್ರೆ ಉಳೀತದೆ. ಲಂಡನಿನವರೊಬ್ಬರು ಕೇಳಿದ್ದಾರೆ, ಅವರಿಗೆ ಇದರ ಬೆಲೆ ಗೊತ್ತುಂಟು."

"ಸ್ಪ್ರಿಂಗ್ ಇತ್ತು. ನನ್ ಕೈಯಲ್ಲೇ ಇತ್ತು. ಇಲ್ಲ ಅಂತ ಯಾಕ್ ಹೇಳಿದ್ರಿ?"

ಅವರು ನಕ್ಕರು. "ನಾನೊಬ್ಬನೇ ಹೇಳಿದ್ದಾ? ನೀನೂ ಹೇಳಿದ್ದಿ, ಎರಡು ಸಲ. ಮೇಲಿಂದ ಕಬಿಸಾ ಬೇರೆ. ಹುಡುಗ ಪರವಾಗಿಲ್ಲ, ಹುಷಾರುಂಟು ಅಂತ ನಾನು ಎಣಿಸಿದೆ."

"ನಾನ್ ಹೇಳಿದ್ದು ಕನ್ನಡ."

"ಹಾಗಂತ ಅವನಿಗೆ ಹೇಳು, ಹೋಗು."

ನಾನು ಕಪಾಟು ತೆರೆದು ಹಬ್ ತೆಗೆದುಕೊಂಡೆ. ಗಾಜಿನ ಬಾಗಿಲು ತಗುಲಿ ಸದ್ದಾಯಿತು, ಒಡೆಯಲಿಲ್ಲ.

"ನನ್ನ ಮನೆಯಲ್ಲಿ ಊಟ ಮಾಡಿ ನನ್ನ ಮನೆಯಲ್ಲೇ ಕದೀತೀಯಾ?" ಎಂದರು. ಆಗ ಅವರು ನಗುತ್ತಿರಲಿಲ್ಲ. ಹಬ್ ಹಾಲಿನ ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದೆ.

ಸೋಮವಾರ ಬೆಳಿಗ್ಗೆ ಏರಿನ ಬುಡದಲ್ಲಿ ಕಾದು ನಿಂತೆ. ಬ್ರೆಡ್ಡಿನವನು ಬಂದ. ಹ್ಯಾಂಡಲ್ ಮೇಲೆ ಗೇರಿನ ಲಿವರ್ ಹಾಗೆಯೇ ಇತ್ತು. ಅದರ ವೈರನ್ನು ಬಿಸಾಡದೆ ಸುತ್ತಿ ದಾರದಿಂದ ಕಟ್ಟಿದ್ದ. ಹಬ್ ತೆಗೆದು ಕೊಟ್ಟೆ. ಅವನು ಮೊದಲು ನೀಲಿ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ನನ್ನನ್ನು.

"ನೀನು ಇಲ್ಲ ಅಂದೆ," ಎಂದ, ನಿಧಾನವಾದ ಇಂಗ್ಲಿಷಿನಲ್ಲಿ.

ನನ್ನ ಭಾಷೆಯಲ್ಲಿ ಆ ಸದ್ದಿಗೆ ಬೇರೆ ಅರ್ಥ, ಜೋಡಿಸೋಣ ಎಂದು ಅರ್ಥ, ಎಂದೆ. ಹೇಳುತ್ತಿರುವಾಗಲೇ ಅದು ಎಂಥ ಕುಂಟು ನೆಪದಂತೆ ಕೇಳುತ್ತಿದೆ ಎಂದು ನನಗೇ ಗೊತ್ತಾಗುತ್ತಿತ್ತು. ಅವನು ಪೂರ್ತಿ ಕೇಳಿಸಿಕೊಂಡ.

"ಆ ಮುದುಕನದೂ ಅದೇ ಭಾಷೆಯಾ?"

"ಹೌದು."

"ಹಾಗಾದರೆ ನೀನು ಹೇಳಿದ್ದು ಅವನಿಗೆ ಅರ್ಥವಾಗಿತ್ತು."

ಆ ದಿನ ಹಿರಿಯರು ನನ್ನನ್ನೇ ನೋಡಿದ ಆ ಒಂದು ಕ್ಷಣ ನೆನಪಾಯಿತು. ಎರಡೂ ಭಾಷೆ ಬಲ್ಲವರು ಅಲ್ಲಿದ್ದದ್ದು ಅವರೊಬ್ಬರೇ. ನನ್ನ ತಪ್ಪು ಏನೆಂದು ಅದಾದ ಕೂಡಲೇ ತಿಳಿದು, ತಿದ್ದದೆ, ಕೈ ಒರೆಸಿಕೊಂಡಿದ್ದರು. ಹುಷಾರು ಹುಡುಗ ಎಂದು ಎಣಿಸಿದೆ ಎಂದದ್ದೂ ಸುಳ್ಳು. ಇದನ್ನು ನಾನು ಎರಡು ರಾತ್ರಿ ಯೋಚಿಸಿಯೂ ಕಂಡಿರಲಿಲ್ಲ. ಇವನು ರಸ್ತೆಯ ಬದಿಯಲ್ಲಿ ನಿಂತು ಎರಡೇ ಮಾತಿನಲ್ಲಿ ಕಂಡ.

ಚಕ್ರ ನಾನೇ ಕಟ್ಟಿಕೊಡುತ್ತೇನೆ ಎಂದೆ. "ಬೇಡ," ಎಂದ. "ನೀವು ಯಾರೂ ಬೇಡ."

ಏರಿನ ಬುಡದಲ್ಲೇ ಮರದಡಿ ಒಬ್ಬ ಸೈಕಲ್ ರಿಪೇರಿಯವನು ಕೂರುತ್ತಿದ್ದ. ಬ್ರೆಡ್ಡಿನವನು ಅವನ ಮುಂದೆ ಕ್ರೇಟುಗಳನ್ನಿಳಿಸಿ, ಹಬ್ ಒಪ್ಪಿಸುವ ಮೊದಲು ಅದನ್ನು ಅಲ್ಲೇ ಬಿಚ್ಚಿಸಿದ. ಗೋಣಿಯ ಮೇಲೆ ಒಂದೊಂದೇ ಭಾಗ ಇಡಿಸಿ, ಕೊಕ್ಕೆಗಳನ್ನು ಉಗುರಿನಿಂದ ಒತ್ತಿ, ಅವು ಮತ್ತೆ ಏಳುತ್ತವೆಯೇ ಎಂದು ನೋಡಿದ. ಏಳುತ್ತಿದ್ದವು. ಆಮೇಲೆ ಚಕ್ರದ ನಲವತ್ತು ಕಡ್ಡಿಗಳನ್ನೂ ಬಿಚ್ಚಿ ಮತ್ತೆ ಕಟ್ಟುವವರೆಗೆ ಅಲ್ಲಿಂದ ಕದಲಲಿಲ್ಲ. ಅಷ್ಟು ಹೊತ್ತು ಅಂಗಡಿಗಳಿಗೆ ಬ್ರೆಡ್ಡು ತಲುಪಲಿಲ್ಲ. ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು.

ನಾನು ಆಫೀಸಿಗೆ ಹೋಗದೆ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದೆ. ಅವನು ಕ್ರೇಟುಗಳನ್ನು ಮತ್ತೆ ಕಟ್ಟಿ, ಸೈಕಲ್ ಹತ್ತಿ, ಲಿವರನ್ನು ಮೊದಲ ಗೇರಿಗೆ ಎಳೆದ. ತಿರುವಿನವರೆಗೂ ಸೀಟಿನಿಂದ ಇಳಿಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಅವನು ಹಾಗೆ ಮಾಡಿದ್ದು ಸರಿಯಾಗಿತ್ತು.